ಪುಕುಮಾರುವಿನ ಮೂರು ನಡಿಗೆ

ಪುಕುಮಾರು ಎದ್ದು ನಿಂತ. ಎರಡು ಹೆಜ್ಜೆ ಚೆನ್ನಾಗಿಯೇ ಇಟ್ಟ. ಮೂರನೆಯದಕ್ಕೆ ಎಡಗಾಲು ಮುಂದೆ ಹೋಗೋಣ ಅಂದಿತು, ಸೊಂಟ ಪಕ್ಕಕ್ಕೆ ತಿರುಗೋಣ ಅಂದಿತು, ಬಲಗಾಲು ಇಲ್ಲೇ ನಿಂತಿರೋಣ ಅಂದಿತು. ಏಳಡಿ ಎತ್ತರದ ಆ ಹಳದಿ ಮೀನು ಹಿರಾಸೆ ಪುರಸಭೆಯ ಸಭಾಂಗಣದ ನೆಲದ ಮೇಲೆ ಮುಖ ಅಡಿಯಾಗಿ ಬಿತ್ತು. ವೇಷದ ಒಳಗೆ ಯಾರೂ ಇರಲಿಲ್ಲವಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ.

ಮೇಲಿನ ಗಾಜಿನ ಕೋಣೆಯಲ್ಲಿ ಪರದೆಗಳ ಮುಂದೆ ಕೂತಿದ್ದ ಮಂದಾಕಿನಿ ವಿದ್ಯುತ್ತು ನಿಲ್ಲಿಸಿದಳು. ಪಕ್ಕದಲ್ಲಿ ನಿಂತಿದ್ದ ಪುರಸಭೆಯ ಅಧಿಕಾರಿ ಕುರಾತಾ ಉಸಿರೆಳೆದುಕೊಂಡರು. ಆಮೇಲೆ, ಬಿದ್ದವನಿಗೆ ಕೇಳಿಸಿ ಬೇಸರವಾದೀತೆಂಬಂತೆ ದನಿ ತಗ್ಗಿಸಿ, ಪುಕುಮಾರುವಿಗೆ ಇವತ್ತು ಸ್ವಲ್ಪ ಆಯಾಸವಾಗಿರಬೇಕು ಎಂದರು.

ಜಪಾನಿನಲ್ಲಿ ಊರಿಗೊಂದು ಗೊಂಬೆ. ಊರಿಗೆ ಮಾತ್ರವಲ್ಲ, ಜಿಲ್ಲೆಗೆ, ರೈಲು ಮಾರ್ಗಕ್ಕೆ, ಸರ್ಕಾರಿ ಕಚೇರಿಗೂ ಒಂದೊಂದು. ಒಂದು ಕಡೆ ಮೂಲಂಗಿಗೆ ಕೈಕಾಲು ಬಂದಿರುತ್ತದೆ, ಇನ್ನೊಂದು ಕಡೆ ಕೋಟೆಯ ಗೋಪುರಕ್ಕೆ ಕಣ್ಣು ಮೂಗು ಮೂಡಿರುತ್ತದೆ. ಕಡಲ ದಂಡೆಯ ಪುಟ್ಟ ಊರಾದ ಹಿರಾಸೆಯದು ಪುಕುಮಾರು. ಹೆದರಿದರೆ ಚೆಂಡಿನಂತೆ ಉಬ್ಬುವ ಮೀನು ಅವನು. ತಲೆಗೆ ಬೆಸ್ತರ ಟೋಪಿ, ಎರಡು ಮೊಂಡು ರೆಕ್ಕೆ. ಪುರಸಭೆಯಲ್ಲಿ ಅವನಿಗೆ ಹುದ್ದೆ ಇದೆ, ವಿಸಿಟಿಂಗ್ ಕಾರ್ಡ್ ಇದೆ. ವಯಸ್ಸು ಐದು, ಮುಂದಿನ ವರ್ಷವೂ ಐದು. ಊರಿನ ಒಳಚರಂಡಿಯ ಮುಚ್ಚಳಗಳ ಮೇಲೂ ಅವನೇ, ಶಾಲೆಯ ಮಕ್ಕಳ ಊಟದ ಡಬ್ಬಿಯಲ್ಲಿ ಅನ್ನ ಮತ್ತು ಮೊಟ್ಟೆಯಲ್ಲಿ ಮೂಡುವವನೂ ಅವನೇ.

ಅವನ ವೇಷದೊಳಗೆ ಯಾರೋ ಇರುತ್ತಾರೆಂಬುದು ಮೂರು ವರ್ಷದ ಮಗುವಿಗೂ ಗೊತ್ತು. ಆದರೆ ಯಾರೂ ಹಾಗೆ ಹೇಳುವುದಿಲ್ಲ. ಯಾರೆಂದು ಕೇಳುವುದಂತೂ ಇಲ್ಲವೇ ಇಲ್ಲ. ಒಳಗೆ ಹೊಕ್ಕವರು ಮನೆಯಲ್ಲೂ ಬಾಯಿ ಬಿಡುವುದಿಲ್ಲ. ಇದನ್ನು ಸುಳ್ಳು ಅನ್ನುವಂತಿಲ್ಲ. ನಾಟಕ ನೋಡುವಾಗ ರಾಜನ ಮೀಸೆ ಅಂಟಿಸಿದ್ದೆಂದು ನಾವು ಕೂಗಿ ಹೇಳುವುದಿಲ್ಲವಲ್ಲ, ಅಂಥ ಮರ್ಯಾದೆ ಅದು.

ಮರ್ಯಾದೆಯೇನೋ ಸರಿ, ಊರಿಗೆ ವಯಸ್ಸಾಗಿತ್ತು. ಬೇಸಿಗೆಯ ಬಿಸಿಲಿನಲ್ಲಿ ಆ ದಪ್ಪ ವೇಷ ಹೊತ್ತು ನಿಲ್ಲುವ ಶಕ್ತಿಯವರು ಉಳಿದಿರಲಿಲ್ಲ. ವೇಷ ತಾನೇ ನಡೆಯುವಂತಾದರೆ? ಈ ಯೋಚನೆ ಬಂದದ್ದು ಮಂದಾಕಿನಿಯ ಗಂಡ ಸುಧನ್ವನಿಗೆ. ಇಬ್ಬರೂ ಮೈಸೂರಿನಲ್ಲಿ ಓದಿ, ಇಲ್ಲಿನ ನೂಲಿನ ಪ್ರಯೋಗಾಲಯಕ್ಕೆ ಬಂದವರು. ಅವನು ತಯಾರಿಸಿದ ಎಳೆಗೆ ನಡೆನೂಲು ಎಂದು ಹೆಸರಿಟ್ಟದ್ದು ಇವಳು. ಬೆಳ್ಳಿ ಲೇಪಿಸಿ ಬಿಗಿಯಾಗಿ ಹುರಿ ಮಾಡಿದ ನೈಲಾನ್. ಸ್ವಲ್ಪ ವಿದ್ಯುತ್ತು ಹರಿದು ಬೆಚ್ಚಗಾದರೆ ಸ್ನಾಯುವಿನಂತೆ ಕುಗ್ಗುತ್ತದೆ, ತಣಿದರೆ ಸಡಿಲವಾಗುತ್ತದೆ. ಅದನ್ನು ವೇಷದ ಒಳಪದರಕ್ಕೆ ನೇಯ್ದು, ಒಬ್ಬರು ತೊಟ್ಟು ಓಡಾಡಿದರೆ, ಹಳೆಯ ಚಪ್ಪಲಿ ಪಾದದ ಅಚ್ಚು ಹಿಡಿಯುವಂತೆ ಅದು ಅವರ ನಡಿಗೆಯನ್ನು ಹಿಡಿಯುತ್ತದೆ. ಸಾಕಷ್ಟು ಕಲಿತ ಮೇಲೆ ಒಮ್ಮೆ ಬಿಸಿ ಹಬೆ ಕೊಟ್ಟರೆ ಆ ನಡಿಗೆ ಖಾಯಂ. ಇಸ್ತ್ರಿಯ ಗೆರೆ ಕೂತ ಹಾಗೆ. ಕಂಪ್ಯೂಟರಿನ ಪರದೆಗೆ ಬರುವುದು ಅದರ ನೆರಳು ಮಾತ್ರ. ನಡಿಗೆ ಇರುವುದು ನೂಲಿನಲ್ಲಿಯೇ.

ಹಬೆ ಕೊಡುವ ಹಂತಕ್ಕೆ ಬರುವ ಮೊದಲೇ ಸುಧನ್ವ ಹೋಗಿಬಿಟ್ಟ. ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಮಂಜುಗಟ್ಟಿದ ರಸ್ತೆಯಲ್ಲಿ ಸೈಕಲ್ಲು ಜಾರಿ. ಅಂದಿನಿಂದ ಮಂದಾಕಿನಿಗೆ ಅಳುವೂ ಬಂದಿರಲಿಲ್ಲ. ಹಲ್ಲಿನ ಡಾಕ್ಟರು ಮದ್ದು ಚುಚ್ಚಿದ ಮೇಲೆ ದವಡೆ ಇದೆಯೆಂದು ಗೊತ್ತಾಗುತ್ತದೆ, ತನ್ನದೆನ್ನಿಸುವುದಿಲ್ಲ. ಅವಳಿಗೆ ಎಲ್ಲವೂ ಹಾಗೆ ಆಗಿತ್ತು. ಕೆಲಸ ಮಾತ್ರ ತಪ್ಪಿಲ್ಲದೆ ಮಾಡುತ್ತಿದ್ದಳು.

ಈಗ ಅದರಲ್ಲೂ ತಪ್ಪು. ಬಿದ್ದ ಮೀನನ್ನು ಎತ್ತಿ ನಿಲ್ಲಿಸಿ, ಎಳೆಗಳ ಗುರುತುಗಳನ್ನು ಬಿಡಿಸಿ ನೋಡಿದರೆ ಕಾರಣ ಸಿಕ್ಕಿತು. ಒಬ್ಬರ ಮೈಯಳತೆಗೆ ತಕ್ಕಂತೆ ಅವಳು ಎಲ್ಲವನ್ನೂ ಹೊಂದಿಸಿದ್ದಳು. ತೊಡುವವರ ಎತ್ತರ, ತೂಕ, ವಯಸ್ಸು ಎಷ್ಟೆಂದು ಪುರಸಭೆಯನ್ನು ಕೇಳಿದಾಗ ಅವರು ಪ್ರಾಮಾಣಿಕವಾಗಿ ಪುಕುಮಾರುವಿನ ಎತ್ತರ, ಪುಕುಮಾರುವಿನ ತೂಕ, ಐದು ವರ್ಷ ಎಂದು ತಿಳಿಸಿದ್ದರು. ಇಷ್ಟದ ತಿಂಡಿ ಕಡಲಪಾಚಿ ಎಂದೂ ಸೇರಿಸಿದ್ದರು. ನಿಜದಲ್ಲಿ ನೂಲಿನೊಳಗೆ ಮೂವರಿದ್ದರು. ಒಬ್ಬರು ಪುಟಿಯುತ್ತ ನಡೆಯುವವರು. ಇನ್ನೊಬ್ಬರು ನಿಧಾನದವರು. ಮೂರನೆಯವರದು ವಿಚಿತ್ರ, ಒಮ್ಮೊಮ್ಮೆ ಮಾತ್ರ ಬರುತ್ತಿತ್ತು.

ಯಾರ್ಯಾರು ತೊಟ್ಟಿದ್ದರು ಎಂದು ಅವಳು ಕುರಾತಾರನ್ನು ಕೇಳಿದಳು. ಕೇಳಬಾರದೆಂದು ಗೊತ್ತಿದ್ದೂ ಕೇಳಿದಳು. ಅವರು ಬಹಳ ಹೊತ್ತು ಬಗ್ಗಿ ಕ್ಷಮೆ ಕೋರಿದರು, ಉತ್ತರ ಕೊಡಲಿಲ್ಲ. ಶರತ್ಕಾಲದ ಬಂದರು ಹಬ್ಬದೊಳಗೆ ಪುಕುಮಾರು ನಡೆಯದಿದ್ದರೆ ಸಮಿತಿ ಅವನಿಗೆ ಪದವಿ ಪ್ರದಾನ ಮಾಡಿಬಿಡುತ್ತದೆ ಎಂದಷ್ಟೇ ನೆನಪಿಸಿದರು. ಜಪಾನಿನಲ್ಲಿ ಹಾಡುವ ಹುಡುಗಿಯರ ತಂಡ ಬಿಟ್ಟು ಹೋಗುವವಳನ್ನೂ ಹಾಗೆಯೇ ಕಳಿಸುತ್ತಾರೆ. ನಿವೃತ್ತಿ ಅನ್ನುವುದಿಲ್ಲ, ಪದವಿ ಪಡೆದಳು ಅನ್ನುತ್ತಾರೆ. ಪುಕುಮಾರುವಿಗೂ ಹೂಗುಚ್ಛ, ಚಪ್ಪಾಳೆ, ಆಮೇಲೆ ಗೋದಾಮು.

ಮೂರರಲ್ಲಿ ಒಂದನ್ನು ಉಳಿಸಿ ಹಬೆ ಕೊಡಬೇಕು. ಉಳಿದೆರಡು ಅಳಿಸಿಹೋಗುತ್ತವೆ. ಅದು ಅವಳ ಕೈಯಲ್ಲೇ ಇತ್ತು. ಒಂದೊಂದು ನಡಿಗೆಯನ್ನೇ ಕೆಲವು ನಿಮಿಷ ಎಬ್ಬಿಸಿ ನೋಡಲು ಸಾಧ್ಯವಿತ್ತಾದ್ದರಿಂದ ಅವಳು ವಿಚಿತ್ರದ್ದನ್ನೇ ಮೊದಲು ಎಬ್ಬಿಸಿದಳು. ಬೇಡದ್ದನ್ನು ಮೊದಲು ತೆಗೆದುಹಾಕುವ ಲೆಕ್ಕಾಚಾರ.

ಖಾಲಿ ಸಭಾಂಗಣದಲ್ಲಿ ಮೀನು ಎಡಪಾದ ಚಾಚಿತು. ಭಾರ ಬಿಡದೆ, ಮೊದಲು ಬೆರಳ ತುದಿಯಿಂದ ನೆಲ ಸವರಿತು. ಆಮೇಲೆ ಊರಿತು. ಬಲಪಾದವೂ ಹಾಗೆಯೇ. ನಾಲ್ಕು ಹೆಜ್ಜೆಗೆ ನಿಂತು ಸೊಂಟದಿಂದ ಮೇಲೆ ಇಡೀ ಮೈಯನ್ನು ಎಡಕ್ಕೆ ಅರ್ಧ ತಿರುಗಿಸಿತು, ಬಲಕ್ಕೆ ಅರ್ಧ, ಮತ್ತೆ ಒಂದು ಸಣ್ಣ ಕುಲುಕು.

ಈ ನಡಿಗೆ ಹಿರಾಸೆಯದಲ್ಲ. ಜಪಾನಿನದೂ ಅಲ್ಲ. ರಾಮನಗರದ ಕಡೆ ಗಾರುಡಿ ಗೊಂಬೆ ಆಡಿಸುವವರದು. ಬಿದಿರಿನ ದೊಡ್ಡ ಗೊಂಬೆಯೊಳಗೆ ಹೊಕ್ಕು, ಅದನ್ನು ಹೆಗಲ ಮೇಲೆ ಹೊತ್ತು, ಗೊಂಬೆಯ ಹೊಟ್ಟೆಯ ಹತ್ತಿರದ ಕಂಡಿಯಿಂದ ನೋಡುತ್ತ ನಡೆಯುವವನಿಗೆ ತನ್ನ ಕಾಲು ಕಾಣುವುದಿಲ್ಲ. ಅದಕ್ಕೇ ನೆಲ ಸವರುವುದು. ಎರಡೂ ಬದಿಯ ಜನರನ್ನು ಗೊಂಬೆ ನೋಡಬೇಕು, ಅದಕ್ಕೇ ತಿರುಗುವುದು. ಅವಳ ಮಾವ ಜೀವಮಾನವಿಡೀ ಹಾಗೆ ಕುಣಿದವರು. ಸುಧನ್ವ ಅಡುಗೆಮನೆಯಲ್ಲಿ ಅಕ್ಕಿ ಡಬ್ಬ ತಲೆಯ ಮೇಲಿಟ್ಟುಕೊಂಡು ಹಾಗೆಯೇ ನಡೆದು ಅವಳನ್ನು ಗೋಡೆಗೆ ಒತ್ತುತ್ತಿದ್ದ.

ಗುರುತುಗಳ ತಾರೀಕು ನೋಡಿದಳು. ಭಾನುವಾರಗಳು. ಪ್ರಯೋಗಾಲಯದಲ್ಲಿ ನೂಲು ಪರೀಕ್ಷಿಸಬೇಕು ಎಂದು ಅವನು ಹೊರಟು ಹೋಗುತ್ತಿದ್ದ ಭಾನುವಾರಗಳು. ಎರಡು ವರ್ಷದ ಹಿಂದಿನ ಫೆಬ್ರವರಿಯ ನಂತರ ಆ ನಡಿಗೆ ಒಂದು ಸಲವೂ ಇರಲಿಲ್ಲ.

ಊರಿನ ಮರ್ಯಾದೆಯನ್ನು ಅವನು ಊರಿನವರಿಗಿಂತ ಹೆಚ್ಚಾಗಿ ಪಾಲಿಸಿದ್ದ. ಕಟ್ಟಿಕೊಂಡವಳಿಗೂ ಹೇಳಿರಲಿಲ್ಲ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಎರಡು ವರ್ಷದಲ್ಲಿ ಬಂದ ಮೊದಲ ಭಾವನೆಯೇ ಅದಾಗಿತ್ತಾದ್ದರಿಂದ ಅವಳಿಗೆ ಅದು ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮನೆಯೆಂದರೆ ಮುಚ್ಚಿದ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಮೆಟ್ಟಿಲ ಕೆಳಗೆ ಕಾಸು ಹಾಕಿ ಹಿಡಿ ತಿರುಗಿಸಿದರೆ ಪ್ಲಾಸ್ಟಿಕ್ ಚೆಂಡಿನೊಳಗೆ ಆಟಿಕೆ ಇಟ್ಟು ಉದುರಿಸುವ ಯಂತ್ರಗಳ ಸಾಲು. ಮಗನ ಕೊನೆಯ ಕಾರ್ಯಕ್ಕೆಂದು ಬಂದು ಇಲ್ಲೇ ಉಳಿದುಕೊಂಡ ಅತ್ತೆ ತಿಮ್ಮಾಜಮ್ಮನಿಗೆ ಅವುಗಳ ಹುಚ್ಚು ಹಿಡಿದಿತ್ತು. ಏನು ಬರುತ್ತದೆಂದು ಗೊತ್ತಿಲ್ಲದಿರುವುದೇ ಅವರಿಗೆ ಇಷ್ಟ. ಬೆರಳುದ್ದದ ನೀರಿನ ನಲ್ಲಿ, ಧ್ಯಾನಕ್ಕೆ ಕೂತ ಕಪ್ಪೆ, ರೊಟ್ಟಿ ತುಂಡಿನೊಳಗೆ ಮಲಗಿದ ಬೆಕ್ಕು, ಪುಟಾಣಿ ಪುಕುಮಾರುಗಳು. ನವರಾತ್ರಿಗೆ ಅವರು ಇಟ್ಟ ಗೊಂಬೆಯ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿಯರ ಕೆಳಗೆ ಇವೆಲ್ಲ ದರಬಾರಿಗೆ ಬಂದವರಂತೆ ಕೂತಿರುತ್ತಿದ್ದವು. ಮೀನು ಮಾರುವ ಹೆಂಗಸಿನ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದು ಬರುತ್ತಿದ್ದರು.

ಅಂದು ಮಂದಾಕಿನಿ ಸಾರು ಬಡಿಸುವ ರಭಸಕ್ಕೆ ಅರ್ಧ ಮೇಜಿನ ಮೇಲೆ ಚೆಲ್ಲಿತು.

"ಆ ಸೌಟೇನು ಮಾಡಿತ್ತೇ ನಿಂಗೆ?" ಎಂದರು ಅತ್ತೆ.

ಏನಿಲ್ಲ ಎಂದಳು. ಅತ್ತೆ ಅವಳ ಮುಖವನ್ನೇ ನೋಡಿ, ಎರಡು ವರ್ಷಕ್ಕೆ ಇವತ್ತು ಮುಖದಲ್ಲಿ ರಕ್ತ ಓಡಾಡ್ತಿದೆ, ಸೌಟು ಮುರಿದರೂ ಚಿಂತೆಯಿಲ್ಲ ಅಂದುಕೊಂಡು ಊಟ ಮುಂದುವರಿಸಿದರು.

ಸಿಟ್ಟು ಇಳಿದ ಮೇಲೆ ಆಸೆ ಹುಟ್ಟಿತು. ಯಾವ ನಡಿಗೆ ಉಳಿಯಬೇಕೆಂದು ಹೇಳುವವಳು ಅವಳೇ. ಅವನದನ್ನೇ ಉಳಿಸಿಬಿಟ್ಟರೆ ಕೇಳುವವರಿಲ್ಲ. ಪ್ರತಿ ಹಬ್ಬಕ್ಕೂ ಊರಿನ ಬೀದಿಯಲ್ಲಿ ಅವನು ನಡೆಯುತ್ತಾನೆ. ಅಂಗಡಿಗೆ ಹೋಗಿ ಬರುವಾಗ ಎದುರು ಸಿಗುತ್ತಾನೆ. ಅವಳು ಕೂತು ಕಾರಣಗಳನ್ನು ಕಾಗದದ ಮೇಲೆ ಜೋಡಿಸತೊಡಗಿದಳು. ಅವನ ನಡಿಗೆಯಲ್ಲಿ ನೂಲು ಕಡಿಮೆ ಸವೆಯುತ್ತದೆ. ನೆಲ ಸವರಿ ಊರುವುದರಿಂದ ಎಡವುವುದಿಲ್ಲ. ಎಲ್ಲವೂ ನಿಜವಾದ ಕಾರಣಗಳೇ. ಕಾರಣ ಇಷ್ಟು ಸುಲಭವಾಗಿ ಸಿಗುತ್ತಿದೆಯಲ್ಲ ಎಂದೇ ಅವಳಿಗೆ ಅನುಮಾನ ಬಂತು. ಬೇರೆ ಯಾರಾದರೂ ಇಂಥ ಕಾಗದ ತಂದಿಟ್ಟಿದ್ದರೆ ಅವಳು ಕೆಂಪು ಗೆರೆ ಎಳೆದು ವಾಪಸು ಕಳಿಸುತ್ತಿದ್ದಳು.

ಮರುದಿನ ಕುರಾತಾರಿಗೆ ಹೇಳಿದಳು: ಆರಿಸಬೇಕಾದವರು ಮಕ್ಕಳು. ಶಿಶುವಿಹಾರದ ಮಕ್ಕಳ ಮುಂದೆ ಮೂರನ್ನೂ ನಡೆಸೋಣ. ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಟೀಚರು ನಿರ್ಧರಿಸಲಿ, ಗುಂಡಿ ನೀವು ಒತ್ತಿ. ನಾನು ನೋಡುವುದಿಲ್ಲ. ನೋಡಿದರೆ ನನ್ನ ಮುಖದಲ್ಲೇ ಮಕ್ಕಳಿಗೆ ಉತ್ತರ ಸಿಕ್ಕಿಬಿಡುತ್ತದೆ.

ಯಾಕೆ ಎಂದು ಅವರು ಕೇಳಲಿಲ್ಲ. ಆ ಊರಿನವರಿಗೆ ಕೇಳದಿರುವುದು ಚೆನ್ನಾಗಿ ಬರುತ್ತಿತ್ತು.

ಪರೀಕ್ಷೆಯ ದಿನ ಅವಳು ಗಾಜಿನ ಕೋಣೆಯ ಪರದೆ ಎಳೆದುಕೊಂಡು ಕಿವಿಗೆ ಹೆಡ್‌ಫೋನು ಹಾಕಿ ಗೋಡೆ ನೋಡುತ್ತ ಕೂತಳು. ಆಮೇಲೆ ಕುರಾತಾ ಬಂದು ಅಚ್ಚುಕಟ್ಟಾಗಿ ವರದಿ ಒಪ್ಪಿಸಿದರು. ಪುಟಿಯುವ ನಡಿಗೆಗೆ ಮಕ್ಕಳು ನಕ್ಕು ಚಪ್ಪಾಳೆ ತಟ್ಟಿದರು, ಸ್ವಲ್ಪ ಹೊತ್ತಿಗೆ ಮರೆತು ಬೇರೆ ಆಟಕ್ಕೆ ತೊಡಗಿದರು. ತಿರುಗುವ ನಡಿಗೆಗೆ ಟೀಚರ ಹಿಂದೆ ಅವಿತುಕೊಂಡರು. ಒಂದು ಮಗು ಅತ್ತಿತು. ನಿಧಾನದ ನಡಿಗೆಗೆ ಒಬ್ಬೊಬ್ಬರಾಗಿ ಎದ್ದು ಬಂದು ರೆಕ್ಕೆ ಹಿಡಿದುಕೊಂಡರು. ಹಿಡಿದರೆ ಪುಕುಮಾರು ನಿಲ್ಲುತ್ತಾನೆ, ಬಿಟ್ಟ ಮೇಲೆ ಹೊರಡುತ್ತಾನೆ. ಅದು ಗೊತ್ತಾದ ಮೇಲೆ ಯಾರೂ ಅವನನ್ನು ಹೋಗಗೊಡಲಿಲ್ಲ.

ಆ ಕೊನೆಯ ಮಾತು ಹೇಳುವಾಗ ಕುರಾತಾರ ಕಿವಿ ಕೆಂಪಾಯಿತು. ಅವಳು ಅದನ್ನು ನೋಡಿಯೂ ನೋಡದವಳಂತೆ ಪರದೆಯ ಕಡೆ ತಿರುಗಿದಳು. ಇಷ್ಟು ವರ್ಷಕ್ಕೆ ಅವಳೂ ಅಷ್ಟನ್ನು ಕಲಿತಿದ್ದಳು.

"ಹಾಗಾದರೆ ನಿಧಾನದ್ದೇ. ತಿರುಗುವ ನಡಿಗೆ ಅಳಿಸಿಹೋಗುತ್ತದೆ, ಕುರಾತಾ-ಸಾನ್. ಮತ್ತೆ ಬರುವುದಿಲ್ಲ," ಎಂದಳು. ದನಿ ಅವಳಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

ಅವರು ಹೊರಡಲು ಬಾಗಿಲ ಹಿಡಿಕೆ ಹಿಡಿದವರು ಹಾಗೆಯೇ ನಿಂತರು. ಬೆನ್ನು ತಿರುಗಿಸಿಕೊಂಡೇ, ಹವಾಮಾನದ ವಿಷಯ ಹೇಳುವವರಂತೆ ಹೇಳಿದರು:

"ಮಂದಾ-ಸಾನ್, ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಪುಕುಮಾರು ಒಂದು ವಾರ ರಜೆ ತೆಗೆದುಕೊಂಡಿದ್ದ. ಅವನು ಕೆಲಸಕ್ಕೆ ಸೇರಿದ ಮೇಲೆ ರಜೆ ಹಾಕಿದ್ದು ಅದೊಂದೇ ಸಲ. ಮಕ್ಕಳು ಕೇಳಿದರೆ, ಅವನಿಗೆ ತುಂಬ ಬೇಕಾದವರೊಬ್ಬರು ಹೋಗಿಬಿಟ್ಟಿದ್ದಾರೆ, ಅದಕ್ಕೆ ಉಬ್ಬಿಕೊಂಡು ಕೋಣೆಯಲ್ಲಿ ಕೂತಿದ್ದಾನೆ ಅಂತ ಹೇಳಿದ್ದೆವು."

ಆಮೇಲೆ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

ಅತ್ತೆಗೆ ಹೇಳದೆ ಹಬೆ ಕೊಡಬಹುದಿತ್ತು. ಹೇಳದಿದ್ದರೆ ಅವನು ಮಾಡಿದ್ದನ್ನೇ ತಾನೂ ಮಾಡಿದಂತಾಗುತ್ತದೆ ಅನ್ನಿಸಿ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ತಿಮ್ಮಾಜಮ್ಮ ಸೀರೆ ಬದಲಿಸಿ, ಮೇಲೆ ಸ್ವೆಟರು ಹಾಕಿ, ನಡಿ ಎಂದರು.

ಸಂಜೆಯ ಬಿಸಿಲು ಸಭಾಂಗಣದ ಉದ್ದಕ್ಕೂ ಬಿದ್ದಿತ್ತು. ಮಂದಾಕಿನಿ ಮೇಲೆ ಹೋಗಲಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಗುಂಡಿಯಿಂದಲೇ ಆ ನಡಿಗೆಯನ್ನು ಎಬ್ಬಿಸಿದಳು. ಮೀನು ನೆಲ ಸವರಿತು, ಊರಿತು, ಎಡಕ್ಕೆ ತಿರುಗಿ ನೋಡಿತು, ಬಲಕ್ಕೆ ತಿರುಗಿ ನೋಡಿತು, ಕುಲುಕಿತು. ಅವಳು ಫೋನು ತೆಗೆದು ಹಿಡಿದಳು. ಅದರ ಪುಟ್ಟ ಗಾಜಿನಲ್ಲಿ ಕಂಡದ್ದು ಟೋಪಿ ಹಾಕಿದ ಹಳದಿ ಮೀನು, ಅಷ್ಟೆ. ಮತ್ತೆ ಜೇಬಿಗೆ ಹಾಕಿಕೊಂಡಳು.

ತಿಮ್ಮಾಜಮ್ಮ ಮೀನಿನ ಪಕ್ಕಕ್ಕೆ ಹೋಗಿ ಅದರ ಜೊತೆ ಒಂದು ಸುತ್ತು ನಡೆದರು. ಕಣ್ಣು ಅದರ ಕಾಲ ಮೇಲೆಯೇ ಇತ್ತು. ನಡೆಯುತ್ತ ನಡೆಯುತ್ತ ಅವರಿಗೆ ನಗು ಬಂತು.

"ನೋಡೆ, ಎಡಗಾಲು ಎಳೀತಾನೆ. ಅವರಪ್ಪ ಇದಕ್ಕೇ ಬೈತಿದ್ರು, ಕಾಲು ಎತ್ತೋ ಸೋಮಾರಿ ಅಂತ. ಓದೋಕೆ ಹೋಗ್ತೀನಿ, ಗೊಂಬೆ ಗಿಂಬೆ ನನಗೆ ಬೇಡ ಅಂದೋನು, ಇಲ್ಲಿ ಬಂದು ಕದ್ದು ಹೊತ್ತವ್ನೆ."

"ನನಗೊಂದು ಮಾತು ಹೇಳಬಹುದಿತ್ತಲ್ವಾ ಅತ್ತೆ," ಎಂದಳು ಮಂದಾಕಿನಿ. ಅಲ್ಲಿದ್ದ ಮಡಿಸುವ ಕುರ್ಚಿಯೊಂದರ ಮೇಲೆ ಕೂತು ಅತ್ತಳು. ಮದ್ದಿನ ಜೋಮು ಇಳಿದ ದವಡೆಯಲ್ಲಿ ಆಗುವ ಹಾಗೆ, ನೋವು ತನ್ನದೆಂದು ಚೆನ್ನಾಗಿ ಗೊತ್ತಾಗುತ್ತಿತ್ತು. ಅತ್ತೆ ಸಮಾಧಾನ ಮಾಡಲು ಹೋಗಲಿಲ್ಲ. ಗುಂಡಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಎಲ್ಲಿ ಒತ್ತಬೇಕೆಂದು ಕೇಳಿ, ಮೀನನ್ನು ನಿಲ್ಲಿಸಿದರು. ಆಮೇಲೆ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

"ನೀವು ಬೇಡ ಅಂದ್ರೆ ಅಳಿಸಲ್ಲ. ಇದನ್ನೇ ಉಳಿಸ್ತೀನಿ. ಉಳಿಸೋಕಾಗುತ್ತೆ," ಎಂದಳು ಕಣ್ಣೊರೆಸಿಕೊಂಡು.

"ಮಕ್ಕಳು ಯಾವುದು ಕೇಳಿದ್ವು?"

"ಇನ್ನೊಂದು. ಇದಕ್ಕೆ ಹೆದರಿಕೊಂಡ್ವು."

"ಹೆದರಿಸೋಕೆ ತಾನೆ ಗಾರುಡಿ ಗೊಂಬೆ ಇರೋದು. ನನ್ನ ಗಂಡ ಬೀದಿಗಿಳಿದರೆ ಮಕ್ಕಳು ಅಟ್ಟ ಹತ್ತಿ ಕೂತ್ಕೊಳ್ಳೋವು, ಅದಕ್ಕೇ ಅವರಿಗೆ ಹೆಸರು. ಈ ಊರಿಗೆ ಬೇಕಾಗಿರೋದು ಅದಲ್ಲ." ಗುಂಡಿಯನ್ನು ಅವಳ ಕೈಗೆ ವಾಪಸು ಕೊಟ್ಟು ಹೇಳಿದರು: "ನನ್ನ ಮಗ ಹೆಂಗೆ ನಡೀತಿದ್ದ ಅಂತ ನನಗೆ ಮೀನು ಹೇಳಿಕೊಡಬೇಕಾ? ಏಳು. ಕೆಲಸ ಮಾಡು."

ಹಬೆ ಕೊಡುವ ಕೆಲಸದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ದೊಡ್ಡ ಪೆಟ್ಟಿಗೆಯೊಳಗೆ ವೇಷ ನೇತಾಡುತ್ತಿತ್ತು, ಗಾಜು ಮಂಜಾಗಿತ್ತು, ಇಸ್ತ್ರಿ ಅಂಗಡಿಯಲ್ಲಿ ಬರುವಂಥ ಬೆಚ್ಚನೆಯ ವಾಸನೆ ಬರುತ್ತಿತ್ತು. ಪರದೆಯ ಮೇಲೆ ಮೂರು ಗೆರೆಗಳಲ್ಲಿ ಎರಡು ತೆಳ್ಳಗಾಗುತ್ತ ಬಂದವು. ಪುಟಿಯುವ ಗೆರೆ ಮೊದಲು ಹೋಯಿತು. ಇನ್ನೊಂದು ಸ್ವಲ್ಪ ತಡವಾಗಿ ಹೋಯಿತು. ಮಂದಾಕಿನಿ ಕೊನೆಯವರೆಗೂ ನೋಡಿದಳು. ಒಂದು ಎಳೆಯ ಬಿಸಿ ಹೆಚ್ಚಾಗಿದೆಯೆಂದು ಕಂಡಾಗ ಕೈ ತಾನಾಗಿ ಹೋಗಿ ಅದನ್ನು ಸರಿಪಡಿಸಿತು.

ಬಂದರು ಹಬ್ಬದ ಬೆಳಿಗ್ಗೆ ಬಿಸಿಲು ಚುರುಕಾಗಿತ್ತು. ಒಣಮೀನಿನ ಅಂಗಡಿ, ಸಕ್ಕರೆ ಪಾಕದ ಸೇಬಿನ ಅಂಗಡಿ, ಮೇಣದಲ್ಲಿ ಮಾಡಿದ ಊಟದ ತಟ್ಟೆಗಳ ಅಂಗಡಿ. ತಾನೇ ನಡೆಯುವ ಮೀನನ್ನು ನೋಡಲು ಪಕ್ಕದ ಊರುಗಳಿಂದಲೂ ಜನ ಬಂದಿದ್ದರು. ಪುರಸಭೆಯ ಮೇಲಿನ ಕೋಣೆಯಿಂದ ಮಂದಾಕಿನಿ ಎಲ್ಲವನ್ನೂ ನೋಡುತ್ತಿದ್ದಳು. ಪುಕುಮಾರು ಮೆಟ್ಟಿಲಿಳಿದ. ತಿರುವಿನಲ್ಲಿ ವಾಲಲಿಲ್ಲ. ಮೊದಲ ಮಗು ಓಡಿಬಂದು ರೆಕ್ಕೆಗೆ ಜೋತುಬಿದ್ದಾಗ ನಿಂತ. ಬಿಟ್ಟಾಗ ಹೊರಟ. ಪರದೆಯ ಮೇಲೆ ಒಂದೇ ಗೆರೆ, ಸಮನಾಗಿ ಹರಿಯುತ್ತಿತ್ತು. ಕೆಲಸ ಸರಿಯಾಗಿತ್ತು. ಬಹಳ ಚೆನ್ನಾಗಿ ಬಂದಿದೆ ಎಂದು ಅವಳಿಗೇ ಅನ್ನಿಸಿತು. ಅವನಿದ್ದಿದ್ದರೂ ಇದರಲ್ಲಿ ತಪ್ಪು ಹುಡುಕುತ್ತಿರಲಿಲ್ಲ.

ಫೋನು ಬಂತು. ಅತ್ತೆ ಫೋಟೊದ ಸಾಲಿನಲ್ಲಿ ನಿಂತಿದ್ದರಂತೆ. ಮುಂದೆಯೂ ಹಿಂದೆಯೂ ಮಕ್ಕಳೇ.

"ನಿನಗೂ ಜಾಗ ಹಿಡಿದಿದೀನಿ, ಬೇಗ ಬಾ. ಈ ಪಿಳ್ಳೆಗಳು ನೋಡೋಕಷ್ಟೇ ಸಾಧು, ನುಗ್ಗೋದ್ರಲ್ಲಿ ನಮ್ಮ ಬಸ್ ಸ್ಟ್ಯಾಂಡಿನವರನ್ನೂ ಮೀರಿಸ್ತವೆ."

ಇಲ್ಲಿ ಯಾರಾದರೂ ಇರಬೇಕಾಗುತ್ತದೆ ಎಂದು ಹೇಳಲು ಹೊರಟವಳು ಪರದೆಯ ಕಡೆ ನೋಡಿದಳು. ಅದಕ್ಕೆ ಅವಳಿಂದ ಏನೂ ಬೇಕಾಗಿರಲಿಲ್ಲ. ಹೆಡ್‌ಫೋನು ತೆಗೆದಿಟ್ಟು, ಕುರಾತಾರಿಗೆ ಕುರ್ಚಿ ತೋರಿಸಿ, ಮೆಟ್ಟಿಲಿಳಿದಳು.

ಅವರ ಸರದಿ ಬಂತು. ಹತ್ತಿರದಿಂದ ಪುಕುಮಾರು ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಬೀರುತ್ತಿದ್ದ. ತಿಮ್ಮಾಜಮ್ಮ ಒಂದು ರೆಕ್ಕೆ ಹಿಡಿದರು, ಮಂದಾಕಿನಿ ಇನ್ನೊಂದು. ಅವನು ನಿಂತ. ಕ್ಯಾಮೆರಾದವನು ಫೋಟೊ ತೆಗೆದ, ಆಯಿತು ಎಂದ, ಹಿಂದಿನ ಮಕ್ಕಳು ತಳ್ಳತೊಡಗಿದವು. ಆದರೂ ಹಿಡಿದ ಕೈ ಸಡಿಲವಾಗುವವರೆಗೆ ಅವನು ಕದಲುವವನಲ್ಲ. ಹಾಗೆ ಮಾಡಿದ್ದು ಅವಳೇ.

ಮೊದಲು ಕೈ ಬಿಟ್ಟವಳು ಮಂದಾಕಿನಿ.